ಒರಟು ಸಿಪ್ಪೆಯೊಳಗಿನ ಕೊಬ್ಬರಿ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಬಾಲ್ಯ ಕಳೆದ ನಮಗೆಲ್ಲ ಅಂಥ ಒಬ್ಬ ಹುಡುಗನ ನೆನಪು ಇದ್ದೇ ಇರುತ್ತದೆ. ತೆಂಗಿನ ಗರಿಯ ಬುಡದ ಮಟ್ಟೆಯನ್ನು ಕೆತ್ತಿ ನಮಗೆಲ್ಲ ಬ್ಯಾಟು ಮಾಡಿಕೊಟ್ಟವನೂ ಅವನೇ; ತಾನು ಔಟಾದೊಡನೆ ಅದೇ ಬ್ಯಾಟನ್ನೆತ್ತಿ ಹೆದರಿಸಿದವನೂ ಅವನೇ. ಶಾಲೆಯ ಕೊನೆಯ ಬೆಂಚು ಅವನ ಸಿಂಹಾಸನ. 'ಅವನ ಜೊತೆ ಸೇರಬೇಡ' ಎಂಬುದು ಪ್ರತಿ ಮನೆಯ ಎಚ್ಚರಿಕೆ.

ಇಂಥ ಹುಡುಗನ ಅಂತರಂಗವನ್ನು ಕಂಡು ಚಿತ್ರಿಸಿದವರು ಮೈಸೂರಿನಲ್ಲಿ ಬಹುಕಾಲ ಬಾಳಿದ ಆರ್.ಕೆ. ನಾರಾಯಣ್ ಅವರು. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿ 'ಸ್ವಾಮಿ ಅಂಡ್ ಫ್ರೆಂಡ್ಸ್'ನಲ್ಲಿ ಬರುವ ಮಣಿಯೇ ಆ ಹುಡುಗ. 1980ರ ದಶಕದಲ್ಲಿ ಶಂಕರ್ ನಾಗ್ ಅವರು ಆಗುಂಬೆಯಲ್ಲಿ ಚಿತ್ರೀಕರಿಸಿದ 'ಮಾಲ್ಗುಡಿ ಡೇಸ್' ದೂರದರ್ಶನದಲ್ಲಿ ಬಂದ ಮೇಲೆ ಮಣಿ ಮನೆಮನೆಗೂ ಪರಿಚಿತನಾದನು.

ಮಣಿ ಪಾಠವನ್ನೋದುವವನಲ್ಲ. ಪರೀಕ್ಷೆಯ ಪ್ರಶ್ನೆಗಳ ಸುಳಿವಿಗಾಗಿ ಶಾಲೆಯ ಗುಮಾಸ್ತರ ಮನೆಗೆ ಬದನೆಕಾಯಿ ಹೊತ್ತುಕೊಂಡು ಹೋದ ಭೂಪ! ತರಗತಿಯ ಹುಡುಗರೆಲ್ಲ ಅವನನ್ನು ಕಂಡರೆ ನಡುಗುತ್ತಿದ್ದರು; ಸ್ವಾಮಿಯೊಬ್ಬನೇ ಸಲುಗೆಯಿಂದ ಅವನ ಬೆನ್ನು ತಟ್ಟಬಲ್ಲವನು. ಪೊಲೀಸ್ ಅಧಿಕಾರಿಯ ಮಗ ರಾಜಂ ಹೊಸದಾಗಿ ಶಾಲೆಗೆ ಸೇರಿದಾಗ, ಅವನನ್ನು ಸರಯೂ ನದಿಗೆ ಎಸೆಯುವೆನೆಂದು ಮಣಿ ಗುಡುಗಿದನು. ದೊಣ್ಣೆ ಹಿಡಿದು ನದಿಯ ದಡಕ್ಕೂ ಹೋದನು. ಆದರೆ ಎದುರುಬದುರು ನಿಂತು ಮಾತನಾಡಿದಾಗ ಹಗೆತನಕ್ಕೆ ಬಲವಾದ ಕಾರಣವೇ ಇಲ್ಲವೆಂದು ತಿಳಿಯಿತು. ಅಂದಿನಿಂದ ಮೂವರೂ ಗೆಳೆಯರಾದರು.

ಮಣಿಯ ನಿಜವಾದ ಪರೀಕ್ಷೆ ಕೊನೆಯಲ್ಲಿ ಬರುತ್ತದೆ. ಕ್ರಿಕೆಟ್ ಪಂದ್ಯಕ್ಕೆ ಸ್ವಾಮಿ ಬಾರದೆಹೋದುದರಿಂದ ರಾಜಂ ಮುನಿಸಿಕೊಂಡು ಮಾತು ಬಿಟ್ಟಿದ್ದಾನೆ. ಅಷ್ಟರಲ್ಲಿ ಅವನ ತಂದೆಗೆ ವರ್ಗವಾಗುತ್ತದೆ. ಸ್ವಾಮಿಯನ್ನು ನಸುಕಿನಲ್ಲೇ ರೈಲು ನಿಲ್ದಾಣಕ್ಕೆ ಕರೆದೊಯ್ಯುವವನು ಮಣಿ. ಕಾಣಿಕೆಗೆಂದು ತಂದ ಕಥೆಯ ಪುಸ್ತಕವನ್ನು ಕೈಗೆ ಕೊಡಲು ಸ್ವಾಮಿಗೆ ಧೈರ್ಯ ಸಾಲದು. ರೈಲು ಹೊರಟಾಗ ಅದರೊಡನೆ ಓಡಿ, ಸ್ವಾಮಿ ಕೊಟ್ಟನೆಂದು ಕೂಗಿ ಪುಸ್ತಕ ತಲುಪಿಸುವವನೂ ಮಣಿಯೇ. ರಾಜಂ ಕಾಗದ ಬರೆಯುತ್ತಾನೆ, ನಿನ್ನ ವಿಳಾಸವನ್ನು ನಾನೇ ಕೊಟ್ಟಿದ್ದೇನೆ ಎಂದು ಆಮೇಲೆ ಸಮಾಧಾನವನ್ನೂ ಹೇಳುತ್ತಾನೆ. ಹಾಗಾದರೆ ನನ್ನ ವಿಳಾಸವೇನು ಎಂದು ಸ್ವಾಮಿ ಕೇಳಿದರೆ ಮಣಿ ತಡವರಿಸುತ್ತಾನೆ. ಅದು ನಿಜವೋ, ಗೆಳೆಯನ ಕಣ್ಣೀರು ನೋಡಲಾರದೆ ಹೇಳಿದ ಸುಳ್ಳೋ, ಅವನ ಮುಖದಿಂದ ತಿಳಿಯದು. ಬುದ್ಧಿವಂತ ಗೆಳೆಯ ಬಿಟ್ಟುಹೋದ ಗಳಿಗೆಯಲ್ಲಿ ಪಕ್ಕದಲ್ಲಿ ಉಳಿದವನು ಈ 'ಪೋಲಿ'.

ನಮ್ಮ ತಿಪಟೂರಿನ ಹಳಿಯೇ ಅರಸೀಕೆರೆ, ಬೀರೂರುಗಳನ್ನು ದಾಟಿ ಶಿವಮೊಗ್ಗ, ತಾಳಗುಪ್ಪಗಳ ಕಡೆಗೆ ಸಾಗುತ್ತದೆ. ಆ ಮಾರ್ಗದ ಅರಸಾಳು ನಿಲ್ದಾಣವೇ ಧಾರಾವಾಹಿಯಲ್ಲಿ ಮಾಲ್ಗುಡಿಯಾಗಿತ್ತು. 2020ರಲ್ಲಿ ಅಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯ ತೆರೆಯಿತು. ಮಕ್ಕಳೊಡನೆ ಅಲ್ಲಿಗೆ ಹೋದವರು ಮಣಿಯ ಓಟವನ್ನು ನೆನೆಯದಿರಲಾರರು.

ಹಾಗೆಂದು ಮಕ್ಕಳ ದಬ್ಬಾಳಿಕೆಯನ್ನು ಆಟವೆಂದು ನಕ್ಕು ಬಿಡುವುದು ಸರಿಯಲ್ಲ. ಏಟು ತಿಂದ ಮಗುವಿನ ನೋವು ನಿಜವಾದುದು. ಹೊಡೆದ ಕೈಯನ್ನು ತಡೆಯುವುದು ಹಿರಿಯರ ಹೊಣೆ. ಆದರೆ ಮಣಿಯನ್ನು ಬದಲಿಸಿದ್ದು ಬೆತ್ತವಲ್ಲ, ಮುಖಾಮುಖಿಯಾದ ಮಾತು ಮತ್ತು ಸ್ನೇಹ ಎಂಬುದನ್ನು ಮರೆಯಬಾರದು.

ನಮ್ಮ ತೋಟದ ಮನೆಗಳಲ್ಲಿ ಕಾಯಿಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಕಾಯುತ್ತೇವೆ. ಅಲುಗಿಸಿದಾಗ ಒಳಗೆ ಗಿಟುಕು ಲೊಡಲೊಡ ಎಂದರೆ ಮಾತ್ರ ಸುಲಿಯುತ್ತೇವೆ. ಅವಸರದಿಂದ ಒಡೆದವನಿಗೆ ಉಂಡೆಕೊಬ್ಬರಿ ದಕ್ಕದು. ಕಾಯಿಗೆ ತೋರುವ ಈ ತಾಳ್ಮೆಯನ್ನು ಕೊನೆಯ ಬೆಂಚಿನ ಹುಡುಗನಿಗೂ ತೋರಬಾರದೆ? ಹಬ್ಬದ ದಿನ ಅವನನ್ನು ಮನೆಗೆ ಕರೆದು, ಜವಾಬ್ದಾರಿಯ ಕೆಲಸವೊಂದನ್ನು ಒಪ್ಪಿಸಿ ನೋಡೋಣ. ನಾಳೆ ನಮ್ಮ ಮಗು ಒಂಟಿಯಾಗಿ ನಿಂತಾಗ, ಅದರ ಪರವಾಗಿ ಓಡುವವನು ಅವನೇ ಆಗಿರಬಹುದು.