ಪ್ರಾಥಮಿಕ ಚುನಾವಣೆಯೂ ಉಗ್ರ ನಿಲುವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಅಧ್ಯಕ್ಷ ಪದವಿಯನ್ನು ಬಯಸುವವನು ಎರಡು ಬಾರಿ ಮತ ಯಾಚಿಸಬೇಕು: ಮೊದಲು ಸ್ವಪಕ್ಷೀಯರಲ್ಲಿ, ಅನಂತರ ಸಮಸ್ತ ಪ್ರಜೆಗಳಲ್ಲಿ. ಪ್ರಾಥಮಿಕ ಚುನಾವಣೆಗೆ ಬರುವವರು ಸಂಖ್ಯೆಯಲ್ಲಿ ಕಡಮೆ, ನಿಷ್ಠೆಯಲ್ಲಿ ತೀವ್ರರು. ಆದಕಾರಣ ಅಲ್ಲಿ ಉಗ್ರ ನಿಲುವಿಗೆ ಮನ್ನಣೆ ಹೆಚ್ಚು. 1964ರ ಜೂನ್ 2ರಂದು ಬ್ಯಾರಿ ಗೋಲ್ಡ್‌ವಾಟರ್ ಅವರು ಕ್ಯಾಲಿಫೋರ್ನಿಯದಲ್ಲಿ ಮಿತವಾದಿ ನೆಲ್ಸನ್ ರಾಕ್‌ಫೆಲ್ಲರ್ ಅವರನ್ನು ಅಲ್ಪ ಅಂತರದಿಂದ ಸೋಲಿಸಿದರು. ಅದೇ ತಿಂಗಳು ಸೆನೆಟ್ಟಿನಲ್ಲಿ ನಾಗರಿಕ ಹಕ್ಕುಗಳ ಮಸೂದೆಯನ್ನು ವಿರೋಧಿಸಿ ಮತವಿತ್ತರು. ಜುಲೈ ತಿಂಗಳಲ್ಲಿ ರಿಪಬ್ಲಿಕನ್ ಪಕ್ಷದ ಉಮೇದುವಾರರಾದರು. ಪಕ್ಷವನ್ನು ಒಲಿಸಿದ ನಿಲುವು ದೇಶವನ್ನು ಒಲಿಸಲಿಲ್ಲ: ನವೆಂಬರಿನಲ್ಲಿ 50 ಸಂಸ್ಥಾನಗಳ ಪೈಕಿ ಅವರಿಗೆ ದಕ್ಕಿದವು 6 ಮಾತ್ರ. ಆದರೆ ಅವುಗಳಲ್ಲಿ 5, ಬಹುಕಾಲ ಡೆಮಾಕ್ರಾಟಿಕ್ ಪಕ್ಷದ ನೆಲೆಯಾಗಿದ್ದ ದಕ್ಷಿಣ ಪ್ರಾಂತದವು. ಕಾಲಕ್ರಮದಲ್ಲಿ ಆ ಪ್ರಾಂತವೇ ರಿಪಬ್ಲಿಕನ್ನರ ಮುಖ್ಯ ಆಸರೆಯಾಯಿತು. ಆದುದರಿಂದ ಇಂಥ ನಿಲುವಿನ ಫಲವನ್ನು ಒಂದೇ ಚುನಾವಣೆಯ ಲೆಕ್ಕದಿಂದ ಅಳೆಯಲಾಗದು.