ತಗ್ಗಿಸಿದ ಬೈಕಿಗೆ ಮೂಲ ಎತ್ತರ

ಸೆಕೆಂಡ್ ಹ್ಯಾಂಡ್ ಬೈಕ್ ಕೊಳ್ಳುವವರು ಎಂಜಿನ್ ಸದ್ದು ಕೇಳುತ್ತಾರೆ, ಟೈರ್ ಸವೆದಿದೆಯೇ ನೋಡುತ್ತಾರೆ, ಎಷ್ಟು ಕಿಲೋಮೀಟರ್ ಓಡಿದೆ ಎಂದು ವಿಚಾರಿಸುತ್ತಾರೆ, ಆರ್‌ಸಿ ತಿರುವಿ ಹಾಕುತ್ತಾರೆ. ಕಂಪನಿಯಿಂದ ಬಂದಾಗ ಇದ್ದ ಎತ್ತರ ಈಗಲೂ ಇದೆಯೇ ಎಂದು ಟೇಪು ಹಿಡಿದು ನೋಡುವವರು ಕಡಿಮೆ. ಕೂತಾಗ ಎರಡೂ ಪಾದ ನೆಲಕ್ಕೆ ಊರಿದರೆ ಅಷ್ಟಕ್ಕೇ ಸಮಾಧಾನ. ದೊಡ್ಡದೊಂದು ಹಂಪ್ ದಾಟುವಾಗ ಎಂಜಿನ್ ಅಡಿಯ ರಕ್ಷಾಫಲಕ ಕರಕರ ಉಜ್ಜಿದ ಮೇಲೆ ಅನುಮಾನ ಶುರುವಾಗುತ್ತದೆ.

ನಮ್ಮ ರಸ್ತೆಗಳಲ್ಲಿ ಹೆಚ್ಚಾಗಿ ಕಾಣುವ ರಾಯಲ್ ಎನ್‌ಫೀಲ್ಡ್ ಹಿಮಾಲಯನ್ 411 ಬೈಕನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. 2016ರಲ್ಲಿ ಮಾರುಕಟ್ಟೆಗೆ ಬಂದ ಈ ಬೈಕಿನ ಸೀಟ್ ಎತ್ತರ 800 ಮಿ.ಮೀ., ನೆಲಕ್ಕೂ ಬೈಕಿನ ತಳಕ್ಕೂ ನಡುವೆ 220 ಮಿ.ಮೀ. ಅಂತರ. ಮುಂದಿನ ಫೋರ್ಕ್ 200 ಮಿ.ಮೀ. ಕುಗ್ಗಬಲ್ಲದು, ಹಿಂದಿನ ಚಕ್ರ 180 ಮಿ.ಮೀ. ಮೇಲೇಳಬಲ್ಲದು. ಸುಮಾರು 190 ಕಿಲೋ ತೂಗುವ ಇಂಥ ಗಾಡಿಯನ್ನು ಟ್ರಾಫಿಕ್ಕಿನಲ್ಲಿ ನಿಂತು ನಿಂತು ಸಾಗಿಸುವಾಗ ಕಾಲ್ಬೆರಳ ತುದಿ ಮಾತ್ರ ನೆಲ ಮುಟ್ಟಿದರೆ ಭಯವಾಗುವುದು ಸಹಜ. ಹಾಗಾಗಿ ಕುಳ್ಳಗಿರುವವರು ಬೈಕ್ ತಗ್ಗಿಸಿಕೊಳ್ಳುತ್ತಾರೆ, ಅದರಲ್ಲಿ ತಪ್ಪಿಲ್ಲ. ಅದೇ ಬೈಕ್ ಉದ್ದನೆಯವರ ಕೈಗೋ ಡಬಲ್ ರೈಡ್ ಹೋಗುವವರ ಕೈಗೋ ಬಂದಾಗ ತೊಂದರೆ ಶುರು.

ಎಷ್ಟು ತೊಂದರೆ ಎಂದು ಲೆಕ್ಕ ಹಾಕಿ ನೋಡಬಹುದು. ಸವಾರ ಕೂತಾಗ ಸಸ್ಪೆನ್ಷನ್ 50–60 ಮಿ.ಮೀ. ಕೆಳಗಿಳಿಯುತ್ತದೆ. ಅಲ್ಲಿಗೆ 220ರಲ್ಲಿ ಉಳಿದದ್ದು 160ರ ಆಸುಪಾಸು. ಮುಂದೆ ಹಿಂದೆ ಎರಡೂ ಕಡೆ 40 ಮಿ.ಮೀ. ತಗ್ಗಿಸಿದ್ದರೆ 120. ಹಿಂದೊಬ್ಬರು ಕೂತು, ಎರಡು ಬ್ಯಾಗು ಕಟ್ಟಿದರೆ ಇನ್ನೂ ಕಡಿಮೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ ಹೇಳುವ ಹಂಪ್ 100 ಮಿ.ಮೀ. ಎತ್ತರ, 3.7 ಮೀಟರ್ ಅಗಲ. ಅದು ನಿಧಾನವಾಗಿ ಏರಿ ನಿಧಾನವಾಗಿ ಇಳಿಯುತ್ತದೆ. ನಮ್ಮ ಬೀದಿಗಳ ಹಂಪ್‌ಗಳಲ್ಲಿ ಅನೇಕವು ಅದರ ಕಾಲು ಭಾಗವೂ ಅಗಲವಿಲ್ಲ. ಹಿಮಾಲಯನ್‌ನ ಎರಡು ಚಕ್ರಗಳ ನಡುವಿನ ಅಂತರ 1,465 ಮಿ.ಮೀ. ಕಿರಿದಾದ ಹಂಪ್ ಇಡಿಯಾಗಿ ಆ ನಡುವೆ ಬಂದು ಕೂರುತ್ತದೆ, ತಳ ತಾಗುತ್ತದೆ.

ತಾಗುವುದಕ್ಕಿಂತ ದೊಡ್ಡ ವಿಷಯ ಹ್ಯಾಂಡಲಿನದು. ಬಹಳ ಜನ ಹಿಂಭಾಗವನ್ನಷ್ಟೇ ತಗ್ಗಿಸಿ ಬಿಡುತ್ತಾರೆ. ಆಗ ಮುಂಭಾಗ ಎದ್ದು, ಫೋರ್ಕಿನ ಓರೆ ಹೆಚ್ಚುತ್ತದೆ. ಇಷ್ಟು ಉದ್ದದ ಬೈಕಿನಲ್ಲಿ ಒಂದು ಕಡೆ 25 ಮಿ.ಮೀ. ಇಳಿಸಿದರೆ ಓರೆ ಸುಮಾರು ಒಂದು ಡಿಗ್ರಿ ಬದಲಾಗುತ್ತದೆ. ಒಂದು ಡಿಗ್ರಿ ತಾನೇ ಎನ್ನುವಂತಿಲ್ಲ. ಚಾರ್ಮಾಡಿಯಂಥ ಘಾಟಿಯ ತಿರುವಿನಲ್ಲಿ ಬೈಕ್ ಒಳಕ್ಕೆ ಬಾಗಲು ಒಲ್ಲೆ ಎನ್ನುತ್ತದೆ, ನೆಟ್ಟಗೆ ಎದುರು ವಾಹನದ ಸಾಲಿನತ್ತ ಎಳೆಯುತ್ತದೆ. ಮುಂಭಾಗ ಮಾತ್ರ ತಗ್ಗಿಸಿದ್ದರೆ ಉಲ್ಟಾ, ವೇಗದಲ್ಲಿ ಹ್ಯಾಂಡಲ್ ಹಗುರಾಗಿ ಚಡಪಡಿಸುತ್ತದೆ.

ಎಲ್ಲಿ ತಗ್ಗಿಸಿದ್ದಾರೆ?

ಸರಿಪಡಿಸುವ ಕೆಲಸದ ಮುಕ್ಕಾಲು ಪಾಲು ಇರುವುದು ಈ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ. ಎತ್ತರವನ್ನು ಎಲ್ಲಿ ಕಡಿಮೆ ಮಾಡಿದ್ದಾರೋ ಅಲ್ಲೇ ವಾಪಸ್ ಕೊಡಬೇಕು. ಇನ್ನೆಲ್ಲೋ ಏರಿಸಿ ಸರಿದೂಗಿಸಲು ಹೋದರೆ ಒಂದರ ಜೊತೆಗೆ ಇನ್ನೊಂದು ಕೆಡುತ್ತದೆ.

ಗ್ಯಾರೇಜುಗಳಲ್ಲಿ ಪದೇ ಪದೇ ಆಗುವ ತಪ್ಪು ಇದೇ. "ಹಿಂದೆ ಕೂತಿದೆ" ಎಂದು ಬೈಕ್ ತಂದರೆ ಶಾಕ್ ಅಬ್ಸಾರ್ಬರಿನ ಪ್ರೀಲೋಡ್ ಬಿಗಿದು ಕಳಿಸುತ್ತಾರೆ. ಬೈಕ್ ಎದ್ದು ನಿಂತಂತೆ ಕಾಣುತ್ತದೆ. ಆದರೆ ಪ್ರೀಲೋಡ್ ಬಿಗಿದರೆ ಶಾಕ್ ಉದ್ದವಾಗುವುದಿಲ್ಲ, ಒಳಗಿನ ಸ್ಪ್ರಿಂಗ್ ಮೊದಲೇ ಒತ್ತಿಕೊಂಡು ಕೂರುತ್ತದೆ ಅಷ್ಟೆ. ಸವಾರ ಕೂತಾಗ ಇಳಿಯಬೇಕಾದಷ್ಟು ಇಳಿಯುವುದಿಲ್ಲ. ಆ ಇಳಿತಕ್ಕೆ ಮೆಕ್ಯಾನಿಕ್‌ಗಳು ಸ್ಯಾಗ್ ಎನ್ನುತ್ತಾರೆ. ಅದು ಬೇಕೇ ಬೇಕು. ಗುಂಡಿ ಬಂದಾಗ ಚಕ್ರ ಕೆಳಗಿಳಿದು ನೆಲ ಹಿಡಿಯುವುದು ಆ ಉಳಿಕೆಯಿಂದಲೇ. ಅದನ್ನು ಕಸಿದುಕೊಂಡರೆ ಗುಂಡಿಯ ಮೇಲೆ ಚಕ್ರ ಗಾಳಿಯಲ್ಲಿರುತ್ತದೆ, ಸವಾರನ ಬೆನ್ನಿಗೆ ಏಟು ಬೀಳುತ್ತದೆ.

ಹಿಂಭಾಗದ ಗುಟ್ಟು ಡಬಲ್ ಸ್ಟ್ಯಾಂಡ್ ಹಾಕಿದರೆ ತಿಳಿಯುತ್ತದೆ. ಹಿಂದಿನ ಚಕ್ರ ಗಾಳಿಯಲ್ಲಿ ತೂಗಲಿ. ಆಕ್ಸಲ್ ನಡುವಿನಿಂದ ನೇರ ಮೇಲೆ, ಸೀಟಿನ ಕೆಳಗಿನ ಬಾಡಿಯ ಮೇಲೊಂದು ಗುರುತಿಟ್ಟು ಅಳೆಯಿರಿ. ಅದೇ ಮಾದರಿಯ, ಯಾರೂ ಕೈ ಹಾಕದ ಇನ್ನೊಂದು ಬೈಕಿನಲ್ಲಿ ಅದೇ ಎರಡು ಬಿಂದುಗಳ ನಡುವೆ ಅಳೆಯಿರಿ. ನಿಮ್ಮ ಬೈಕಿನ ಅಳತೆ ಕಡಿಮೆ ಬಂದರೆ ಲಿಂಕನ್ನೋ ಶಾಕನ್ನೋ ಬದಲಿಸಿದ್ದಾರೆ ಎಂದರ್ಥ. ಎರಡೂ ಒಂದೇ ಇದ್ದು, ಸ್ಟ್ಯಾಂಡ್ ತೆಗೆದು ಕೂತಾಗ ಮಾತ್ರ ನಿಮ್ಮದು ವಿಪರೀತ ಕುಸಿದರೆ ಬೈಕನ್ನು ಯಾರೂ ತಗ್ಗಿಸಿಲ್ಲ. ಸ್ಪ್ರಿಂಗ್ ಸೋತಿದೆ, ಇಲ್ಲವೇ ಪ್ರೀಲೋಡ್ ಸಡಿಲವಾಗಿದೆ. ಈ ಒಂದು ಅಳತೆ ತೆಗೆಯದೆ ಹೊಸ ಲಿಂಕಿಗೆ ದುಡ್ಡು ಕೊಡಬೇಡಿ.

ಲಿಂಕ್ ಎಂದರೆ ಹಿಂದಿನ ಚಕ್ರವನ್ನು ಹಿಡಿದಿರುವ ಸ್ವಿಂಗ್ ಆರ್ಮಿಗೂ ಒಂಟಿ ಶಾಕಿಗೂ (ಮಾನೋಶಾಕ್) ನಡುವೆ ಕೂತಿರುವ ಗಟ್ಟಿ ಕೊಂಡಿ. ಬಹುತೇಕ ವಿನ್ಯಾಸಗಳಲ್ಲಿ ಅದನ್ನು ಉದ್ದ ಮಾಡಿದರೆ ಹಿಂಭಾಗ ಕೆಳಗಿಳಿಯುತ್ತದೆ. ಸ್ವಿಂಗ್ ಆರ್ಮ್ ಉದ್ದನೆಯ ಸನ್ನೆಯಾದ್ದರಿಂದ ಲಿಂಕಿನಲ್ಲಿ ಕೆಲವೇ ಮಿಲಿಮೀಟರ್ ಹೆಚ್ಚಿದರೂ ಚಕ್ರದ ಹತ್ತಿರ ಅದು ಹಲವು ಪಟ್ಟಾಗುತ್ತದೆ. ಹಾಗಾಗಿ ಲೇತ್‌ನಲ್ಲಿ ಅಂದಾಜಿಗೆ ಕೊರೆಸಿದ ಲಿಂಕ್ ಬೇಡ, ಆ ಮಾದರಿಗೆ ಕಂಪನಿಯೇ ಕೊಡುವ ಭಾಗವನ್ನೇ ತರಿಸಿ.

ಮುಂಭಾಗದಲ್ಲಿ ಸುಳಿವು ಕಣ್ಣಿಗೇ ಬೀಳುತ್ತದೆ. ಫೋರ್ಕ್ ಕೊಳವೆಗಳು ಹ್ಯಾಂಡಲ್ ಬಳಿಯ ಮೇಲಿನ ಕ್ಲ್ಯಾಂಪಿನಿಂದ ಅತಿಯಾಗಿ ಮೇಲೆದ್ದಿದ್ದರೆ ಕೊಳವೆಯನ್ನು ಮೇಲಕ್ಕೆ ಸರಿಸಿ ಬಿಗಿದಿದ್ದಾರೆ. ಟಾರ್ಚ್ ಹಿಡಿದು ನೋಡಿ: ಮೊದಲು ಕ್ಲ್ಯಾಂಪ್ ಕಚ್ಚಿಕೊಂಡಿದ್ದ ಜಾಗದಲ್ಲಿ ಮಸುಕಾದ ಉಂಗುರ ಇರುತ್ತದೆ. ಎಷ್ಟು ಸರಿಸಿದ್ದಾರೆಂದು ಆ ಉಂಗುರವೇ ಹೇಳುತ್ತದೆ. ಉಂಗುರವೂ ಇಲ್ಲ, ಕೊಳವೆಯೂ ಮೇಲೆದ್ದಿಲ್ಲ, ಆದರೂ ಮುಂಭಾಗ ತಗ್ಗಿದೆ ಎಂದರೆ ಫೋರ್ಕಿನ ಒಳಗೇ ಸ್ಪ್ರಿಂಗ್ ಕತ್ತರಿಸಿರಬಹುದು ಅಥವಾ ಒಳಗೊಂದು ತುಂಡು ಇಟ್ಟು ಉದ್ದ ಕುಗ್ಗಿಸಿರಬಹುದು. ಕತ್ತರಿಸಿದ ಸ್ಪ್ರಿಂಗ್ ಮೊದಲಿಗಿಂತ ಗಡುಸು. ಸುರುಳಿಗಳು ಕಡಿಮೆಯಾದಷ್ಟೂ ಒತ್ತಲು ಹೆಚ್ಚು ಬಲ ಬೇಕು. ಅದಕ್ಕೆ ರಿಪೇರಿ ಇಲ್ಲ, ಫೋರ್ಕಿನ ಎರಡೂ ಕಾಲಿಗೆ ಹೊಸ ಜೋಡಿ ಸ್ಪ್ರಿಂಗ್ ಹಾಕಿ ಎಣ್ಣೆ ಬದಲಿಸಬೇಕು.

ಜೋಡಿ ಶಾಕ್ ಇರುವ ಬೈಕುಗಳಲ್ಲಿ ಮೇಲಿನ ಬೋಲ್ಟ್ ತೂತಿನಿಂದ ಕೆಳಗಿನ ಬೋಲ್ಟ್ ತೂತಿನವರೆಗೆ ಅಳೆದು, ಮೂಲ ಅಳತೆಯ ಶಾಕ್ ಹಾಕಿಸಿ. ಗಿಡ್ಡ ಶಾಕಿನ ಕೆಳಗೆ ಕಬ್ಬಿಣದ ತುಂಡು ಜೋಡಿಸಿ ಎತ್ತರಿಸುವ ಅಭ್ಯಾಸ ಅಪಾಯದ್ದು, ಪ್ರತಿ ಗುಂಡಿಗೂ ಆ ಕೀಲಿನ ಬೋಲ್ಟ್ ಬಾಗುತ್ತಾ ಹೋಗುತ್ತದೆ.

ಬಿಚ್ಚುವಾಗ, ಜೋಡಿಸುವಾಗ

ಲಿಂಕ್ ಬಿಚ್ಚುವ ಮೊದಲು ಚಕ್ರದ ಅಡಿಗೆ ಮರದ ತುಂಡು ಕೊಟ್ಟು, ಚಕ್ರದ ಭಾರ ಬೋಲ್ಟಿನ ಮೇಲೆ ಬೀಳದಂತೆ ನೋಡಿಕೊಳ್ಳಿ. ಭಾರ ಸರಿಯಾಗಿ ಇಳಿದರೆ ಬೋಲ್ಟ್ ಕೈಯಲ್ಲೇ ಜಾರಿ ಬರುತ್ತದೆ. ಸುತ್ತಿಗೆ ಬೇಕಾಯಿತೆಂದರೆ ಮರದ ತುಂಡಿನ ಎತ್ತರ ಸರಿಯಿಲ್ಲ ಅಥವಾ ಒಳಗೆ ತುಕ್ಕು ಹಿಡಿದಿದೆ. ನಮ್ಮ ಮಳೆ, ಕೆಸರು, ವಾಟರ್ ಸರ್ವಿಸ್‌ನ ಜೋರು ನೀರು ಎಲ್ಲವೂ ಲಿಂಕಿನ ಬೇರಿಂಗಿಗೇ ಹೊಡೆಯುತ್ತವೆ. ಒಮ್ಮೆ ಬಿಚ್ಚಿದ ಮೇಲೆ ಹಳೆ ಗ್ರೀಸ್ ಒರೆಸಿ, ಬುಶ್ ಮೇಲೆ ಗೀರು ಬಿದ್ದಿದೆಯೇ ನೋಡಿ, ಹೊಸ ಗ್ರೀಸ್ ತುಂಬಿ, ಸೀಲ್ ಹರಿದಿದ್ದರೆ ಬದಲಿಸಿ. ನಟ್ಟುಗಳನ್ನು ಕಂಪನಿ ಹೇಳಿದ ಅಳತೆಗೇ ಟಾರ್ಕ್ ರೆಂಚಿನಲ್ಲಿ ಬಿಗಿಯಬೇಕು. ಇಲ್ಲಿ ಕೈ ಅಂದಾಜು ನಡೆಯುವುದಿಲ್ಲ.

ಫೋರ್ಕ್ ಇಳಿಸುವಾಗ ಎಂಜಿನ್ ಕೆಳಗೆ ಜ್ಯಾಕ್ ಕೊಟ್ಟು ಬೈಕನ್ನು ಭದ್ರ ಮಾಡಿ. ಎರಡೂ ಕಡೆಯ ಕ್ಲ್ಯಾಂಪ್ ಒಟ್ಟಿಗೆ ಸಡಿಲಿಸಿದರೆ ಮುಂಭಾಗ ದಡಕ್ಕನೆ ಕುಸಿಯುತ್ತದೆ, ಆದ್ದರಿಂದ ಒಂದಾದ ಮೇಲೆ ಒಂದು. ಎರಡೂ ಕೊಳವೆ ಸಮ ಎತ್ತರಕ್ಕೆ ಬಂದವೇ ಎಂದು ಅಳೆದೇ ಖಾತ್ರಿ ಮಾಡಿಕೊಳ್ಳಿ.

ಎತ್ತರ ಬಂತೆಂದು ಅಲ್ಲಿಗೇ ಬಿಡಬಾರದು. ಸ್ವಿಂಗ್ ಆರ್ಮಿನ ಓರೆ ಬದಲಾದದ್ದರಿಂದ ಚೈನಿನ ಸಡಿಲವೂ ಬದಲಾಗಿರುತ್ತದೆ, ಅದನ್ನು ಹೊಸದಾಗಿ ಹೊಂದಿಸಬೇಕು. ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ನೋಡಿ ತಿರುಗಿಸಬೇಕು. ಹ್ಯಾಂಡಲನ್ನು ಎರಡೂ ಕಡೆ ಪೂರ್ತಿ ತಿರುಗಿಸಿ ಬ್ರೇಕ್ ಹೋಸ್, ಎಬಿಎಸ್ ತಂತಿ ಎಲ್ಲೂ ಎಳೆಯುತ್ತಿಲ್ಲ ಎಂದು ನೋಡಿ. ಸೈಡ್ ಸ್ಟ್ಯಾಂಡ್ ಮರೆಯಲೇಬೇಡಿ. ಬೈಕ್ ತಗ್ಗಿಸಿದವರು ಸಾಮಾನ್ಯವಾಗಿ ಅದನ್ನೂ ಕತ್ತರಿಸಿ ವೆಲ್ಡ್ ಮಾಡಿಸಿರುತ್ತಾರೆ. ಎತ್ತರ ಬಂದ ಬೈಕ್ ಆ ಗಿಡ್ಡ ಸ್ಟ್ಯಾಂಡಿನ ಮೇಲೆ ಅತಿಯಾಗಿ ವಾಲುತ್ತದೆ, ಮೆತ್ತನೆ ಮಣ್ಣಿನಲ್ಲಿ ಉರುಳಿಬೀಳುತ್ತದೆ.

ಕೊನೆಗೆ ಪ್ರೀಲೋಡ್. ಅದರ ಸರದಿ ಬರುವುದು ಈಗ. ನಿಮ್ಮ ತೂಕ, ಲಗೇಜು ಸಮೇತ ಕೂತು, ಚಕ್ರ ಗಾಳಿಯಲ್ಲಿದ್ದಾಗ ತೆಗೆದ ಅಳತೆಗೂ ಈಗಿನ ಅಳತೆಗೂ ಇರುವ ವ್ಯತ್ಯಾಸವನ್ನು ಇನ್ನೊಬ್ಬರಿಂದ ಅಳೆಸಿ. ಒಟ್ಟು ಚಲನೆಯ ಸುಮಾರು ಮೂರನೇ ಒಂದು ಭಾಗ, ಅಂದರೆ ಹಿಮಾಲಯನ್‌ನ ಹಿಂಭಾಗದಲ್ಲಿ 50ರಿಂದ 60 ಮಿ.ಮೀ., ಇಳಿದಿದ್ದರೆ ಸರಿ.

ಇಷ್ಟು ಮಾಡಿದ ಮೇಲೂ ಕಾಲು ಎಟಕದಿದ್ದರೆ ಸೀಟಿನ ಫೋಮ್ ಸ್ವಲ್ಪ ಕೆತ್ತಿಸಿಕೊಳ್ಳಿ; ಸಸ್ಪೆನ್ಷನ್ ಮುಟ್ಟದೆ ತಗ್ಗಿಸುವ ದಾರಿ ಅದು. ಇನ್ನು ಈಗಾಗಲೇ ಬೈಕ್ ತಗ್ಗಿಸಿಕೊಂಡವರಲ್ಲಿ ಒಂದು ವಿನಂತಿ: ಬಿಚ್ಚಿದ ಮೂಲ ಲಿಂಕನ್ನೂ ಸ್ಟ್ಯಾಂಡನ್ನೂ ಗುಜರಿಗೆ ಹಾಕಬೇಡಿ, ಬೈಕ್ ಮಾರುವ ದಿನ ಕೀ, ಆರ್‌ಸಿ ಜೊತೆಗೇ ಕೊಂಡವರ ಕೈಗೆ ಕೊಡಿ.