ಎರೆನೆಲದ ಊರಲ್ಲಿ ಎರಡು ಗುಂಡಿ

ಗದಗ ಜಿಲ್ಲೆಯ ನರೇಗಲ್‌ನ ನಾರಾಯಣ ಗುಡಿಯ ಗೋಡೆಗೆ ಕೈಯಿಟ್ಟರೆ ಸಾವಿರ ವರ್ಷದ ಕಲ್ಲು ಕೈಗೆ ತಾಗುತ್ತದೆ. ರಾಷ್ಟ್ರಕೂಟರ ಮೂರನೇ ಕೃಷ್ಣನ ಕಾಲದಲ್ಲಿ, ಸುಮಾರು ಕ್ರಿ.ಶ. 950ರಲ್ಲಿ, ಗಂಗರ ಬೂತುಗನ ರಾಣಿ ಪದ್ಮಬ್ಬರಸಿ ಕಟ್ಟಿಸಿದ ಇದು ಮೂಲತಃ ಜೈನ ಬಸದಿ. ಹತ್ತಿರದ ಸೂಡಿಯಲ್ಲಿ ನಾಗಕುಂಡದ ಮೆಟ್ಟಿಲುಗಳಿವೆ. ಗುಡಿಗೆ, ಕೆರೆಗೆ, ಬಾವಿಗೆ ದಾನ ಕೊಟ್ಟವರ ಹೆಸರು ಈ ಸೀಮೆಯ ಶಾಸನಗಳ ತುಂಬ ಇದೆ. ಆ ಜನ ಬೆಳಗಾಗೆದ್ದು ಎಲ್ಲಿಗೆ ಹೋಗುತ್ತಿದ್ದರು? ಆ ಪ್ರಶ್ನೆ ಇಟ್ಟುಕೊಂಡೇ ನಾನು ಊರು ಸುತ್ತಿದೆ.

ಶೌಚಾಲಯ ಕಟ್ಟುವುದು ತಿಳಿಯದ ವಿದ್ಯೆಯೇನೂ ಆಗಿರಲಿಲ್ಲ. ಮೊಹೆಂಜೊದಾರೊದ ಮನೆಗಳ ಶೌಚದ ನೀರು ನಾಲ್ಕು ಸಾವಿರ ವರ್ಷಕ್ಕೂ ಹಿಂದೆಯೇ ಇಟ್ಟಿಗೆಯ ಚರಂಡಿಗೆ ಹರಿಯುತ್ತಿತ್ತು. ಆದರೆ ನಮ್ಮ ಕಡೆ ಹಳೆಯ ಮಾಳಿಗೆ ಮನೆ ಹೊಕ್ಕು ನೋಡಿ. ತಲೆಬಾಗಿಲು ದಾಟಿದರೆ ದನ ಕಟ್ಟುವ ಜಾಗ, ಮೇಲೆ ಪಡಸಾಲೆ, ಒಳಗೆ ಅಡುಗೆಮನೆ, ಬಚ್ಚಲು. ಎತ್ತಿಗೂ ಮನೆಯೊಳಗೆ ಜಾಗವಿದೆ, ಪಾಯಖಾನೆಗೆ ಇಲ್ಲ. ಅದು ಮೈಲಿಗೆಯದು, ಊರ ಹೊರಗಿನದು.

ಊರಂಚಿನ ಹೊಲಗಳ ಕಡೆ ನಡೆದಾಗ ಇದರ ಭಾರ ಯಾರ ಮೇಲೆ ಬಿತ್ತೆಂಬುದು ತಿಳಿಯುತ್ತದೆ. ಜೋಳ ಎದೆಮಟ್ಟ ನಿಂತಿರುವಾಗ ಹೆಂಗಸರಿಗೆ ಮರೆ ಇರುತ್ತದೆ. ಸುಗ್ಗಿ ಮುಗಿದರೆ ಎರೆಹೊಲದಲ್ಲಿ ಕಣ್ಣು ಹಾಯುವವರೆಗೂ ಒಂದು ಗಿಡದ ಆಸರೆಯಿಲ್ಲ. ಹೊತ್ತು ಮೂಡುವ ಮುಂಚೆ ಇಲ್ಲವೇ ಕತ್ತಲಾದ ಮೇಲೆ ಚರಗಿ ಹಿಡಿದು ಹೋಗಬೇಕು, ನಡುವಿನ ಹೊತ್ತೆಲ್ಲ ತಡೆದುಕೊಳ್ಳಬೇಕು. ಅದಕ್ಕಾಗಿ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ ತಾಯಂದಿರ ಸಂಕಟ ಯಾವ ಶಾಸನದಲ್ಲೂ ಇಲ್ಲ. ಪಕ್ಕದ ಕೊಪ್ಪಳ ಜಿಲ್ಲೆಯ ದಾನಾಪುರದಲ್ಲಿ ಒಬ್ಬ ಹುಡುಗಿ ಶೌಚಾಲಯ ಬೇಕೆಂದು ಊಟ ಬಿಟ್ಟು ಕೂತು ಕಟ್ಟಿಸಿಕೊಂಡಳು. 2016ರ ಆಗಸ್ಟ್‌ನಲ್ಲಿ ಪ್ರಧಾನಿಯ ‘ಮನ್ ಕಿ ಬಾತ್’ನಲ್ಲಿ ಆ ಮಾತು ಬಂತು.

ಈಗ ಓಣಿಗಳಲ್ಲಿ ಶೌಚಾಲಯಗಳಿವೆ. ಒಳಗಿನ ಬೇಸಿನ್ನನ್ನು ಬಗ್ಗಿ ನೋಡಿದೆ. ಅದರ ಕೆಳಗಿನ ಬಾಗಿದ ಕೊಳವೆಯಲ್ಲಿ ಸದಾ ಸ್ವಲ್ಪ ನೀರು ನಿಲ್ಲುತ್ತದೆ. ಗುಂಡಿಯ ವಾಸನೆಯನ್ನೂ ನೊಣವನ್ನೂ ತಡೆಯುವುದು ಅಷ್ಟೇ ನೀರು. ಈ ಬಾಗಿದ ಕೊಳವೆಗೆ 1775ರಲ್ಲಿ ಪೇಟೆಂಟ್ ಪಡೆದವನು ಅಲೆಕ್ಸಾಂಡರ್ ಕಮಿಂಗ್, ಗಡಿಯಾರ ಮಾಡುವ ಕಸುಬಿನವನು. ಹಳ್ಳಿಗಳಿಗೆಂದು ಮಾಡಿದ ಬೇಸಿನ್‌ನ ಇಳಿಜಾರು ಕಡಿದು, ನಿಲ್ಲುವ ನೀರಿನ ಆಳ 20 ಮಿಲಿಮೀಟರ್ ಮಾತ್ರ. ಹೀಗಾಗಿ ಒಂದೂವರೆ, ಎರಡು ಲೀಟರ್ ಸುರಿದರೆ ಸಾಕು. ಕೊಡ ನೀರಿಗೆ ಪಾಳಿ ಹಚ್ಚಿದ ಸೀಮೆಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ನಿಜವಾದ ಜಾಣ್ಮೆ ಇರುವುದು ಹೊರಗೆ, ಮಣ್ಣಿನಡಿ. ಎರಡು ಗುಂಡಿ, ನಡುವೆ ಕವಲೊಡೆದ ಚೇಂಬರ್, ಒಂದು ಕವಲಿಗೆ ಇಟ್ಟಿಗೆ ಅಡ್ಡ. ಒಂದು ಗುಂಡಿ ತುಂಬಿದರೆ ಇಟ್ಟಿಗೆಯನ್ನು ಆ ಕಡೆಗೆ ಬದಲಿಸಿ ಇನ್ನೊಂದನ್ನು ಬಳಸುವುದು. ಮುಚ್ಚಿಟ್ಟದ್ದು ಒಂದೆರಡು ವರ್ಷದಲ್ಲಿ ವಾಸನೆಯಿಲ್ಲದ ಗೊಬ್ಬರವಾಗುತ್ತದೆ, ಸಲಿಕೆಯಲ್ಲಿ ತೆಗೆದು ಹೊಲಕ್ಕೆ ಹಾಕಬಹುದು. ಗೋಡೆಯಲ್ಲಿ ಬಿಟ್ಟ ಕಿಂಡಿಗಳಿಂದ ನೀರು ಮಣ್ಣಿಗೆ ಇಂಗಬೇಕು. ಎರೆಮಣ್ಣು ಮಳೆಗಾಲದಲ್ಲಿ ಉಬ್ಬಿ ನೀರು ಇಂಗಗೊಡುವುದಿಲ್ಲ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದಕ್ಕೇ ಇಂಥ ನೆಲದಲ್ಲಿ ಗುಂಡಿಯ ಸುತ್ತ ಮರಳು, ಗರಸಿನ ಪದರ ತುಂಬಬೇಕು. ಖರ್ಚೆಂದು ಇದನ್ನು ಬಿಟ್ಟು, ಎರಡರ ಬದಲು ಆಳವಾದ ಒಂದೇ ಗುಂಡಿ ತೋಡಿಸಿದರೆ ಬೇಗ ತುಂಬುತ್ತದೆ.

ತುಂಬಿದ್ದನ್ನು ಯಾರು ತೆಗೆಯಬೇಕು? ನನ್ನನ್ನು ಅತಿ ಹೆಚ್ಚು ಕಾಡುವುದು ಇದು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲೇ, ದೇವರಾಜ ಅರಸು ಸರ್ಕಾರದ ಮಂತ್ರಿ ಬಿ. ಬಸವಲಿಂಗಪ್ಪ ನಿಷೇಧಿಸಿದರು. ಕೋಲಾರ ಚಿನ್ನದ ಗಣಿಯ ಒಣ ಪಾಯಖಾನೆಗಳನ್ನು ಬಳಿಯುತ್ತಿದ್ದ ಮನೆತನದಲ್ಲಿ ಹುಟ್ಟಿದ ಬೆಜವಾಡ ವಿಲ್ಸನ್ ಅದರ ವಿರುದ್ಧ ದೇಶದುದ್ದಕ್ಕೂ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದರು. ನಿಷೇಧವಾಗಿ ದಶಕಗಳು ಕಳೆದಿದ್ದರೂ 2010ರ ಜುಲೈನಲ್ಲಿ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ಭಂಗಿ ಸಮುದಾಯದವರು ತಮ್ಮನ್ನು ಒಕ್ಕಲೆಬ್ಬಿಸುವುದನ್ನು ವಿರೋಧಿಸಿ ಮೈಮೇಲೆ ಮಲ ಸುರಿದುಕೊಂಡರು. ಮನುಷ್ಯರ ಕೈಯಿಂದ ಮಲ ಬಳಿಸುವುದನ್ನು ತಡೆಯುವ ಹೊಸ ಕಾಯ್ದೆ ಬಂದದ್ದು 2013ರಲ್ಲಿ. ರಕ್ಷಣಾ ಸಾಧನ ಕೊಡದೆ ಹಸಿ ಮಲದ ಗುಂಡಿಗೆ ಆಳನ್ನು ಇಳಿಸುವುದು ಈಗ ಶಿಕ್ಷಾರ್ಹ ಅಪರಾಧ, ತೆಗೆಸುವುದಾದರೆ ಯಂತ್ರದ ಗಾಡಿಯನ್ನೇ ಕರೆಸಬೇಕು.

ಹೊಸ ಮನೆ ಕಟ್ಟಿಸುವವರು ಗೌಂಡಿಯ ಜೊತೆ ಟೈಲ್ಸ್ ಬಣ್ಣದ ಬಗ್ಗೆ ಚರ್ಚಿಸುವ ಮೊದಲು ಎರಡನೇ ಗುಂಡಿ ಎಲ್ಲಿ ಬರುತ್ತದೆಂದು ಕೇಳಲಿ.